ಐಸಿನ ಶೆಟ್ರ ‘ಶರಧಿ ಬಂಧನ’

ನಮ್ಮ ಕಾಲದಲ್ಲಿ ಗಂಡನ ಹೆಸರನ್ನು ಬಾಯಲ್ಲಿ ಹೇಳುವ ಕ್ರಮ ಇರಲಿಲ್ಲ. ಬರೆಯಬಾರದು ಅಂತ ಯಾರೂ ಹೇಳಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ: ಮಂಜಯ್ಯ ಶೆಟ್ಟಿ. ಇವರ ಕೆಲಸ ಗಂಗೊಳ್ಳಿಯ ಐಸ್ ಫ್ಯಾಕ್ಟರಿಯಲ್ಲಿ ಮಿಷನ್ ನೋಡಿಕೊಳ್ಳುವುದು. ಹೆಸರು ಮಂಜಯ್ಯ, ಮಾಡುವುದು ಮಂಜುಗಡ್ಡೆ! ಊರಿನವರಿಗೆ ನಗಲು ಇಷ್ಟು ಸಾಕಲ್ಲ? ಗಂಡನ ಹೆಸರಿನ ಪಾಲು ಅದರೊಳಗೂ ಇದೆ ಅಂತ ನಾನು ಮಂಜುಗಡ್ಡೆ ಎನ್ನುವ ಶಬ್ದವನ್ನೂ ಬಿಟ್ಟು ‘ಐಸು’ ಎನ್ನುತ್ತಿದ್ದೆ.

ಇವರದ್ದು ಗುಲ್ವಾಡಿಯ ಬೇಸಾಯದ ಮನೆ. ಅಣ್ಣಂದಿರಿಬ್ಬರೂ ಬೊಂಬಾಯಿಗೆ ಹೋಗಿ ಹೋಟೆಲು ಇಟ್ಟು, ಇವರನ್ನೂ ಕರೆದರು. ಇವರು ಹೋಗಲಿಲ್ಲ. “ದೋಸೆ ಮಗ್ಚ್ತಾ ಯೋಚ್ನೆ ಮಾಡೂಕಾತಿಲ್ಲೆ” ಎನ್ನುವುದು ಇವರು ಕೊಟ್ಟ ಕಾರಣ. ಕೇಳಿ ನನ್ನ ಅತ್ತೆ ತಲೆ ಚಚ್ಚಿಕೊಂಡರಂತೆ. ಐಸ್ ಫ್ಯಾಕ್ಟರಿ ಇವರಿಗೆ ಹಿಡಿಸಿತು, ಯಾಕೆಂದರೆ ಅಲ್ಲಿ ಕಾಯುವುದೇ ಅರ್ಧ ಕೆಲಸ. ನೀರು ತುಂಬಿದ ತಗಡಿನ ಡಬ್ಬಗಳನ್ನು ಉಪ್ಪುನೀರಿನ ತೊಟ್ಟಿಗೆ ಇಳಿಸಿ, ಮಿಷನ್ನಿನ ಶಬ್ದಕ್ಕೆ ಕಿವಿ ಕೊಟ್ಟು ಕೂತರಾಯಿತು. ಐಸು ಕಟ್ಟುವ ತನಕ ಉಳಿದವರು ಇಸ್ಪೀಟು ಆಡಿದರೆ ಇವರು ಕತೆ ಬರೆಯುತ್ತಿದ್ದರು. ಮನೆಗೆ ಬರುವಾಗ ಅಂಗಿಯಲ್ಲಿ ಅಮೋನಿಯದ ಘಾಟು, ಜೇಬಿನಲ್ಲಿ ಮಡಚಿದ ಕಾಗದ.

ಎಂತೆಂಥ ಕತೆ ಅಂತೀರಿ! ಬೈಂದೂರಿನಿಂದ ಶುಕ್ರಗ್ರಹಕ್ಕೆ ಬಸ್ಸು. ಕಂಡಕ್ಟರು ಬಾಗಿಲಲ್ಲಿ ನೇತುಕೊಂಡು “ಶುಕ್ರ, ಶುಕ್ರ, ಕೂಕಂಬ್ಕೆ ಜಾಗ ಇತ್ತ್” ಎಂದು ಕೂಗುತ್ತಾನೆ. ಬೀಜಾಡಿ ಕಡಲತೀರದ ಹೊಯ್ಗೆಯಲ್ಲಿ ಒಂದು ಚಕ್ರ ಸಿಗುತ್ತದೆ, ಅದನ್ನು ತಿರುಗಿಸಿದರೆ ಕಡಲಿನ ಭರತ ನಿಂತು ಇಳಿತ ಶುರುವಾಗುತ್ತದೆ. ಓದಿ ಹೇಳುವಾಗ ನಾನು ಮೀನು ಕೊಯ್ಯುತ್ತಾ “ಬರೀ ಸುಳ್ಳ್” ಎನ್ನುತ್ತಿದ್ದೆ. ಇವರು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. “ಸುಳ್ಳಲ್ಲ ಮಾರಾಯ್ತಿ, ಇನ್ನೂ ಆಯ್ಲಿಲ್ಲೆ ಅಷ್ಟೆ” ಎನ್ನುತ್ತಿದ್ದರು.

ಪತ್ರಿಕೆಗಳಿಗೆ ಕಳಿಸಿದ್ದೆಲ್ಲ ಬಿಟ್ಟ ಬಾಣದಂತೆ ಹೋಗಿ, ತವರಿಗೆ ಬಂದ ಮಗಳಂತೆ ತಿರುಗಿ ಬರುತ್ತಿತ್ತು. ಒಬ್ಬ ಸಂಪಾದಕರು ‘ಪುರಾಣ ಬೇಡ’ ಎಂದು ಬರೆದರೆ, ಇನ್ನೊಬ್ಬರು ‘ಮಕ್ಕಳ ವಿಭಾಗ ನಿಲ್ಲಿಸಿದ್ದೇವೆ’ ಎಂದು ಬರೆದರು.

ಸಮ್ಮೇಳನ ಎಂದರೆ ಇವರಿಗೆ ಜೀವ. ಕುಂದಾಪುರದಲ್ಲಿ ಒಮ್ಮೆ ಕತೆಗಾರರು ಸೇರಿದ್ದಾಗ ದೋಣಿಯಲ್ಲಿ ಕಡವು ದಾಟಿ ಹೋಗಿ ಹಿಂದಿನ ಸಾಲಿನಲ್ಲಿ ಕೂತರು. ಧೈರ್ಯ ಮಾಡಿ ಎದ್ದು, “ಮುಂದೆ ಆಗುವುದನ್ನು ಕತೆಯಾಗಿ ಬರೆಯಬಹುದಲ್ಲವೇ?” ಎಂದು ಕೇಳಿದರಂತೆ. ವೇದಿಕೆಯಲ್ಲಿದ್ದವರು “ಅದಕ್ಕೆ ಜ್ಯೋತಿಷಿಗಳಿದ್ದಾರೆ” ಎಂದರಂತೆ. ಸಭೆಯೆಲ್ಲ ನಗೆ. ಆಮೇಲೆ ಬೈಂದೂರಿನಲ್ಲಿ ಇನ್ನೊಂದು ನಡೆಯಿತು. ಸಾಹಿತಿಗಳ ಹತ್ತಿರ ಸುಳಿಯಬಹುದೆಂದು ಇವರು ಊಟ ಬಡಿಸಲು ಸೇರಿಕೊಂಡರು. ಹತ್ತಿರವೇನೋ ಸುಳಿದರು, ಸಾರು ಬಿಟ್ಟರೆ ಬೇರೆ ಯಾವ ವಿಷಯವನ್ನೂ ಯಾರೂ ಇವರಲ್ಲಿ ಕೇಳಲಿಲ್ಲ. ಅದನ್ನು ಹೇಳಿ ಇವರು ನಕ್ಕರು. ನನಗೆ ಮಾತ್ರ ಮೈ ಉರಿಯಿತು. ನನ್ನ ಗಂಡನನ್ನು ನಾನು ಬೈಯಬಹುದು, ಕಂಡವರು ಕಡೆಗಣಿಸುವುದೆಂದರೆ?

ಅರವತ್ತೆಂಟನೇ ಇಸವಿಯಲ್ಲಿ ಬ್ರಹ್ಮಾವರದಲ್ಲಿ ಲೇಖಕರ ಸಮ್ಮೇಳನ ಆಗುತ್ತದೆಂದು ತಿಳಿಯಿತು. ಇವರು ಒಂದು ಕಾರ್ಡು ಹಾಕಿದರು: ತಮ್ಮ ಹೆಸರು, ‘ಶರಧಿ ಬಂಧನ’ ಎಂಬ ಹೊಸ ಕೃತಿ ಸಿದ್ಧವಿದೆ, ಅವಕಾಶ ಕೊಡಬೇಕು. ಅಷ್ಟೇ. ಆಶ್ಚರ್ಯವೆಂದರೆ, ಒಪ್ಪಿಗೆ ಬಂತು. ಸಂಜೆಯ ಹೊತ್ತಿಗೆ ವೇದಿಕೆ, ಹೋಗಿಬರುವ ಖರ್ಚು, ಶಾಲು! ಇವರು ಆ ಕಾಗದವನ್ನು ಫ್ಯಾಕ್ಟರಿಯಲ್ಲಿ ಎಲ್ಲರಿಗೂ ತೋರಿಸಿ ಬಂದರು.

ಹೊರಡುವ ದಿನ ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ತಣ್ಣಗೆ ಹೇಳಿದರು: “ಗಿರ್ಜಾ, ಇವತ್ತೂ ಯಾರೂ ಕೇಂತಿಲ್ಲೆ ಅಂದ್ರೆ ನಾನ್ ಇನ್ನ್ ಬರಿತಿಲ್ಲೆ. ಸಾಕಾಯ್ತ್.”

ಆ ಮಾತು ಕೇಳಿ ನಾನು ಸಂತೋಷಪಡಬೇಕಿತ್ತು. ಹೆದರಿಕೆಯಾಯಿತು. ಬರೆಯದ ಈ ಮನುಷ್ಯ ಹೇಗಿರುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ನಾನೂ ಸೀರೆ ಬದಲಾಯಿಸಿ ಜೊತೆಗೆ ಹೊರಟೆ.

ಬ್ರಹ್ಮಾವರದ ಶಾಲೆಯಂಗಳದ ಚಪ್ಪರದಲ್ಲಿ ಗುಣಪಾಲ ಎನ್ನುವ ಕಾರ್ಯದರ್ಶಿ ಕೈಮುಗಿದು ಬರಮಾಡಿಕೊಂಡರು. ಬಲು ಮರ್ಯಾದೆಯ ಮನುಷ್ಯ. “ಬನ್ನಿ ಕವಿಗಳೇ, ಭಾಗವತ್ರು ಕಾಯ್ತಾ ಇದ್ರ್. ಪದ್ಯದ ಪ್ರತಿ ತಂದಿದ್ರ್ಯಲೆ?” ಎಂದರು.

“ಯಾವ ಪದ್ಯ?” ಅಂದರು ಇವರು.

ವೇದಿಕೆಯ ಮೇಲೆ ಚೆಂಡೆ ಮದ್ದಳೆ ಕಂಡಾಗಲೇ ನಮಗೆ ವಿಷಯ ಹೊಳೆದದ್ದು. ಕತೆಗಾರರ ಗೋಷ್ಠಿ ಬೆಳಿಗ್ಗೆಯೇ ಮುಗಿದು, ಕತೆಗಾರರೆಲ್ಲ ಊಟ ಮಾಡಿ ಬಸ್ಸು ಹತ್ತಿದ್ದರು. ಇವರದ್ದು ಸಂಜೆಯ ತಾಳಮದ್ದಳೆ! ಅಂದರೆ ವೇಷ ಕಟ್ಟದೆ, ಕುಣಿಯದೆ, ಭಾಗವತರ ಹಾಡಿಗೆ ಕೂತಲ್ಲೇ ಮಾತು ಬೆಳೆಸಿ ಯಕ್ಷಗಾನದ ಪ್ರಸಂಗ ನಡೆಸುವುದು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ಕೃತಿಯ ಹೆಸರು ನೋಡಿದ್ದೇ ಇವರನ್ನು ಪ್ರಸಂಗಕರ್ತ ಮಾಡಿಬಿಟ್ಟಿದ್ದರು.

ನಾನು ಸುಮ್ಮನಿರಲಿಲ್ಲ. “ಹ್ವಾಯ್, ಕತಿ ಯಾವ್ದ್, ಪ್ರಸಂಗ ಯಾವ್ದ್ ಅಂದೇಳಿ ತಿಳಿದೆ ಸಮ್ಮೇಳನ ಮಾಡ್ತ್ರ್ಯಾ?”

ಗುಣಪಾಲರ ಮುಖ ಹುಳ್ಳಗಾಯಿತು. “ಅಕ್ಕ, ‘ಬಂಧನ’ ಅಂದ್ರೆ ನಮ್ಮ ಬದಿಯಗೆ ಪ್ರಸಂಗ ಅಲ್ದೆ ಮತ್ತೆಂತ? ಕತಿಗೆ ಯಾರಾರೂ ಹಾಂಗ್ ಹೆಸ್ರಿಡ್ತ್ರಾ?”

ಅದೂ ಹೌದೇ. ಇವರು ಮಾತ್ರ ಕಾಗದಗಳನ್ನು ಮಡಚಿ ಜೇಬಿಗೆ ಹಾಕಿಕೊಂಡು “ಮನಿಗ್ ಹೋಪ” ಎಂದರು. ಆ ಮುಖ ನೋಡಿ ನನಗೆ ಅಳು ಬಂತು.

ತಡೆದವರು ಭಾಗವತರು, ಚೆನ್ನಯ್ಯ ಎಂದು ಹೆಸರು, ವಯಸ್ಸಾದವರು. ಕಾಗದ ಕೇಳಿ ತೆಗೆದುಕೊಂಡು ಒಂದು ಪುಟ ಓದಿ ನಕ್ಕರು. “ಕತಿ ಲಾಯ್ಕಿತ್ತ್. ಪದ್ಯ ಇಲ್ದಿರೆ ಎಂತಾಯ್ತ್? ಜನ ಬಂದ್ ಕೂಕಂಡಿದ್ರ್. ನೀವ್ ಓದಿ ಶೆಟ್ರೆ, ಉಸ್ರ್ ತೆಕಂಬಲ್ಲಿ ನಾನ್ ತಾಳ ಹಾಕ್ತೆ.”

ಹಾಗೆ ಇವರು ಓದಿದರು. ಒಂದು ಬೆಳಿಗ್ಗೆ ಗಂಗೊಳ್ಳಿಯವರು ಎದ್ದು ನೋಡುವಾಗ ಕಡಲು ಐಸಾಗಿದೆ. ಅಲೆಗಳು ಎದ್ದಲ್ಲೇ ನಿಂತಿವೆ. ಜನ ಅದರ ಮೇಲೆ ನಡೆಯುತ್ತಾರೆ, ಚಾದಂಗಡಿ ಹಾಕುತ್ತಾರೆ. ಸರ್ಕಾರ ಸರ್ವೇಯರನನ್ನು ಕಳಿಸುತ್ತದೆ. ಆಸ್ತಿವಂತರು ನಿನ್ನದೆಷ್ಟು ನನ್ನದೆಷ್ಟು ಎಂದು ಕಡಲಿಗೇ ಬೇಲಿ ಹಾಕಿ ಕೋರ್ಟು ಹತ್ತುತ್ತಾರೆ.

ಎದುರಿಗೆ ಕೂತವರು ತಾಳಮದ್ದಳೆ ಕೇಳಲು ಬಂದ ಜನ. ಗದ್ದೆ ಕೆಲಸದವರು, ಅಂಗಡಿಯವರು, ಬುಟ್ಟಿ ಪಕ್ಕದಲ್ಲಿಟ್ಟುಕೊಂಡ ಮೀನಿನ ಹೆಂಗಸರು. ಕಡಲು ಹೆಪ್ಪುಗಟ್ಟುವುದುಂಟೇ ಎಂದು ಒಬ್ಬರೂ ಕೇಳಲಿಲ್ಲ. ಬೆಟ್ಟ ಹಾರುವುದನ್ನು, ಕಡಲು ಕೈಮುಗಿದು ಮಾತಾಡುವುದನ್ನು ಕೇಳಿಯೇ ಬೆಳೆದವರು ಅವರು. ಬೇಲಿಯ ಜಗಳ ಬಂದಾಗ ಹೊಟ್ಟೆ ಹಿಡಿದು ನಕ್ಕರು. ನನ್ನ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಮೀನಿನ ಹೆಂಗಸರ ನಡುವಿನಿಂದ ಒಬ್ಬಳು ಎದ್ದು ನಿಂತಳು. ಕೋಡಿ ಕಡೆಯವಳು, ನಾಗು ಎಂದು ಹೆಸರೆಂದು ಆಮೇಲೆ ತಿಳಿಯಿತು. “ಹ್ವಾಯ್ ಶೆಟ್ರೆ, ಒಂದ್ ಮಾತ್. ಹಿಂದಿನ ದಿನ ಮೀನಿಗ್ ಹೋದ ದೋಣಿ ಎಲ್ಲಿತ್ತ್? ಕಡ್ಲ್ ಗಟ್ಟಿ ಆಪೊತ್ತಿಗೆ ಅವ್ರೆಲ್ಲ ಎಂತಾದ್ರ್?”

ಇವರು ಹಾಳೆ ತಿರುವಿದರು. ಮತ್ತೆ ತಿರುವಿದರು. ಚಾದಂಗಡಿ ಇತ್ತು, ಸರ್ವೇಯರ್ ಇದ್ದ, ಕೋರ್ಟಿತ್ತು. ದೋಣಿ ಒಂದೂ ಇರಲಿಲ್ಲ. ಯಾರೂ ನಗುತ್ತಿರಲಿಲ್ಲ. ತಾಳಮದ್ದಳೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಹೇಳದೆ ಏಳುವಂತಿಲ್ಲ. ಚೆನ್ನಯ್ಯ ಭಾಗವತರು ಮೆಲ್ಲಗೆ ಒಂದು ತಾಳ ಹಾಕಿ ಇವರ ಮುಖ ನೋಡಿದರು.

ಇವರು ಕಾಗದವನ್ನು ಮಗುಚಿ ತೊಡೆಯ ಮೇಲಿಟ್ಟರು. ಪುಸ್ತಕದ ಮಾತು ಬಿಟ್ಟು ನಮ್ಮ ಮಾತಿನಲ್ಲೇ ಶುರು ಮಾಡಿದರು.

“ದೋಣಿ ಇತ್ತಬ್ಬಾ, ದೂರದಗೆ. ಚುಕ್ಕಿ ಚುಕ್ಕಿ ಕಾಂತಿತ್ತ್. ಮೊದ್ಲ್ ಕಂಡದ್ದ್ ಹೆಂಗ್ಸ್ರ್. ಕಂಡದ್ದೇ ಬೇಲಿ ಮುರ್ದ್, ಹಗ್ಗ, ಕಂಬ್ಳಿ, ಗಂಜಿ ಪಾತ್ರಿ ಹೊತ್ಕಂಡ್ ಎಲ್ಲ ಓಡಿದ್ರ್. ಕಾಲಡಿಗೆ ಐಸ್ ಕಟ್ ಕಟ್ ಅಂತಿತ್ತ್. ಹೆದ್ರೂದ್ ಬ್ಯಾಡ, ಹಾಂಗ್ ಅಂದ್ರೆ ಅದ್ ಗಟ್ಟಿ ಆತಾ ಇತ್ತ್ ಅಂದೇಳಿ. ನಾನ್ ದಿನಾ ಕೇಂತೆ ಆ ಶಬ್ದ.”

ಕತೆಯೊಳಗಿನ ಜನ ಒಂದೊಂದೇ ದೋಣಿಯ ಹತ್ತಿರ ಹೋದರು. ಚಳಿಗೆ ಮುದುಡಿದವರ ಕೈಗೆ ಬಿಸಿ ಗಂಜಿ ಕೊಟ್ಟರು. ನಡೆಯಲಾಗದವರನ್ನು ಬಲೆಯಲ್ಲಿ ಕೂರಿಸಿ ಎಳೆದುಕೊಂಡು ಬಂದರು. ದಡ ಮುಟ್ಟಿದ ಮೇಲೆ ಎಣಿಸಿ ನೋಡಿದರೆ ಒಬ್ಬರೂ ತಪ್ಪಿರಲಿಲ್ಲ. ಕತೆ ಮುಗಿದಾಗ ಭಾಗವತರು ಮಂಗಳ ಹಾಡಿದರು.

ಬಸ್ಸಿಗೆ ಕಾಯುತ್ತಿದ್ದಾಗ ಆ ನಾಗು ಖಾಲಿ ಬುಟ್ಟಿ ಹಿಡಿದು ನಮ್ಮ ಹತ್ತಿರ ಬಂದಳು.

“ಶೆಟ್ರೆ, ನನ್ ಮಗ ದೇವಪ್ಪ ಅಂದೇಳಿ. ಕಡ್ಲಿಗ್ ಹೋದಂವ ಬರ್ಲೇ ಇಲ್ಲೆ. ದೋಣಿಯೂ ಸಿಕ್ಲಿಲ್ಲೆ. ನಿಮ್ಮ ಆ ದೋಣಿಯಗೆ ಅಂವ ಇದ್ನಾ?”

ಅದು ಕತೆ, ಬರೀ ಕತೆ ಎಂದು ನಾನು ಹೇಳಲು ಬಾಯಿ ತೆರೆದೆ. ಇವರು ನನಗಿಂತ ಮೊದಲೇ ಉತ್ತರ ಕೊಟ್ಟರು.

“ಇದ್ದ. ಮುಂದಿನ ದೋಣಿಯಗೇ ಇದ್ದ.”

“ಗಂಜಿ ಉಂಡ್ನಾ?”

“ಉಂಡ. ಎರ್ಡ್ ಸಲ ಹಾಕ್ಸ್ಕಂಡ.”

ನಾಗು ಸೆರಗಿನಿಂದ ಮುಖ ಒರೆಸಿಕೊಂಡು, ತಲೆಯಾಡಿಸಿ, ಬುಟ್ಟಿ ತಲೆಯ ಮೇಲಿಟ್ಟುಕೊಂಡು ಹೋದಳು. ಬಸ್ಸು ಬಂತು, ಹತ್ತಿ ಕೂತೆವು. ಕೋಟೇಶ್ವರ ದಾಟುವ ತನಕ ಇವರು ಕಿಟಕಿಯ ಹೊರಗೇ ನೋಡುತ್ತಿದ್ದರು. ತಡೆಯಲಾಗದೆ ನಾನೇ ಕೇಳಿದೆ:

“ಹ್ವಾಯ್, ಬರಿಯೂದ್ ನಿಲ್ಸೂದೇಯಾ ಇನ್ನ್?”

“ನಿಲ್ಸೂದ್ ಹ್ಯಾಂಗೆ ಗಿರ್ಜಾ?” ಎಂದರು. “ಆ ದೇವಪ್ಪ ಮನಿಗ್ ಬಂದ ಅಂದೇಳಿ ಅವ್ನ ಅಬ್ಬಿಗ್ ಹೇಳಿ ಆಯ್ತಲೆ. ಬರಿದಿರೆ ಅದ್ ಸುಳ್ಳಾತ್ತ್.”