ಮುಸರ್ರತ ತಂದ ಮೂರನೆಯ ಫೋಟೋ

ನಮ್ಮ ಚಿದ್ರಿಯಲ್ಲಿ ಮುಸರ್ರತ ಎಂದರೆ ಸಂಬಂಧ ಕುದುರಿಸುವವಳು. ಬೀದರಿನಿಂದ ಔರಾದಿನವರೆಗೆ ನೂರಾರು ಜೋಡಿ ಕೂಡಿಸಿದ್ದಾಳೆ. ತಾನು ಮಾತ್ರ ನಲವತ್ತಾರಾದರೂ ಒಂಟಿ. ನಾನು ಸಿದ್ದೇಶ್ವರಿ, ಪಕ್ಕದ ಮನೆಯವಳು, ಬ್ಲೌಸು ಹೊಲಿದು ಬದುಕುವವಳು. ತ್ಯಾಗದ ಕಥೆ ಕೇಳಿದರೆ ನನಗೆ ಮೈ ಉರಿಯುತ್ತದೆ, ಅದರಲ್ಲೂ ಇವಳದು.

ಇಪ್ಪತ್ತನಾಲ್ಕು ವರ್ಷದ ಹಿಂದೆ ಭಾಲ್ಕಿಯ ಮುಸ್ತಕೀಮ, ಗಡಿಯಾರ ರಿಪೇರಿಯವನು, ಮದುವೆಯಾದರೆ ಇವಳನ್ನೇ ಎಂದು ಹಟ ಹಿಡಿದಿದ್ದ. ಇವಳಿಗೂ ಅವನೆಂದರೆ ಪ್ರಾಣ. ಆದರೆ ಗೆಳತಿ ಕುಬರಾಳಿಗೆ ಹಿಂದೆಮುಂದೆ ಯಾರೂ ಇರಲಿಲ್ಲ, ನಿಶ್ಚಯವಾದ ಮದುವೆ ಎರಡು ಸಲ ಮುರಿದಿತ್ತು. ಮುಸರ್ರತ ಮುಸ್ತಕೀಮನನ್ನು ಕಾಡಿ ಬೇಡಿ ಕುಬರಾಳಿಗೆ ಗಂಟು ಹಾಕಿದಳು. ಅವಳು ಕೂಡಿಸಿದ ಮೊದಲ ಜೋಡಿ ಅದೇ. ಕೈಗೆ ಬಂದ ತುತ್ತನ್ನು ಇನ್ನೊಬ್ಬರ ಬಾಯಿಗಿಟ್ಟವಳು ಆಮೇಲೆ ಅದನ್ನೇ ಕಸುಬು ಮಾಡಿಕೊಂಡಳು.

ಕುಬರಾ ತೀರಿಕೊಂಡು ಮೂರು ವರ್ಷವಾಯಿತು. ಈಚೆಗೆ ಮುಸ್ತಕೀಮನ ಅಕ್ಕ ಮರಿಯಮಬೀ ಫೋನು ಮಾಡಿ, ತಮ್ಮನಿಗೊಂದು ಹೆಣ್ಣು ನೋಡು ಎಂದರು. ಇವಳು ಹ್ಞೂ ಅಂದುಬಿಟ್ಟಳು. ನನಗೆ ರೇಗಿಹೋಯಿತು.

"ಅವಂಗ ಇನ್ನ ಎಷ್ಟು ಸಲ ಮದಿವಿ ಮಾಡಸ್ತಿ?"

"ಭಾಲ್ಕಿಗೆ ನನ್ನ ಜೋಡಿ ಬಾ," ಎಂದಳು, ಅಷ್ಟೇ.

ಮರಿಯಮಬೀ ಚಹಾ ಕೊಟ್ಟು ಎದುರಿಗೆ ಕೂತರು. ಮುಸ್ತಕೀಮ ಒಳಕೋಣೆಯಲ್ಲಿದ್ದ, ಬಾಗಿಲು ತೆರೆದೇ ಇತ್ತು. ಮುಸರ್ರತ ಚೀಲದಿಂದ ಒಂದು ಫೋಟೋ ತೆಗೆದಿಟ್ಟಳು.

"ಈಕಿ ಬಗದಲ್‌ದಾಕಿರಿ. ಅಡಗಿ ಭಾಳ ಚಲೋ. ಸಿಟ್ಟು ಜರಾ ಜಾಸ್ತಿ."

ಹೆಣ್ಣಿನ ಕೊರತೆಯನ್ನು ಮೊದಲೇ ಹೇಳುವುದು ಅವಳ ಪದ್ಧತಿ, ಅದಕ್ಕೇ ಜನ ನಂಬುತ್ತಾರೆ. ಎರಡನೆಯದು ಔರಾದಿನ ಹೆಣ್ಣು: ಗುಣ ಬಂಗಾರ, ಮಂಡಿನೋವು ಅದ. ಮೂರನೆಯ ಫೋಟೋ ಇಟ್ಟಾಗ ನಾನು ದಂಗಾದೆ. ಅದು ಮುಸರ್ರತಳದೇ.

"ಈಕಿ ಚಿದ್ರಿದಾಕಿರಿ. ಕೊರತಿ ಒಂದ ಅದ. ತನಗ ಬೇಕಾದ್ದನ್ನ ಬ್ಯಾರೆಯವರಿಗೆ ಕೊಟ್ಟು, ಅದ ದೊಡ್ಡ ಪುಣ್ಯ ಅಂತ ತಿಳಕೊಂಡಿದ್ಳು."

ಮರಿಯಮಬೀ ಫೋಟೋ ನೋಡಿ ಅವಳ ಮುಖ ನೋಡಿದರು. ಆಮೇಲೆ ಮೆಲ್ಲಗೆ, "ಹೆಣ್ಣು ತಾನ ಬಂದು ಕೇಳೋದು ನಮ್ಮಾಗ ಎಲ್ಲಿ ಅದ, ಬೇಟಿ? ಮಂದಿ ಏನಂತಾರ? ನೀ ಹೋಗು, ವಿಚಾರ ಮಾಡಿ ಹೇಳ್ತೇವಿ," ಎಂದರು.

"ವಿಚಾರ ಮಾಡ್ರಿ, ಆಪಾ. ನಾ ಇಲ್ಲೇ ಕುಂದರ್ತೇನಿ."

ಅವಳು ಚಹಾದ ಬಟ್ಟಲು ಪಕ್ಕಕ್ಕೆ ಸರಿಸಿದಳು. ಏಳಲಿಲ್ಲ, ತಲೆ ತಗ್ಗಿಸಲಿಲ್ಲ. ಇಷ್ಟು ವರ್ಷ ಪಕ್ಕದಲ್ಲಿದ್ದು ಈ ಹೆಂಗಸನ್ನು ನಾನು ನೋಡೇ ಇರಲಿಲ್ಲವಲ್ಲ ಎಂದು ಬೆರಗಾಯಿತು. ಸುಳ್ಳು ಯಾಕೆ ಹೇಳಲಿ, ಕೈಮುಗಿಯಬೇಕು ಅನ್ನಿಸಿತು.

ಮುಸ್ತಕೀಮ ಹೊರಗೆ ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು.

"ಅವತ್ತು ನೀ ಅಂದಿ ಅಂತ ಒಪ್ಪಿದೆ. ಇವತ್ತು ಯಾರ ಸಲುವಾಗಿ ಬಂದಿ?"

"ನನ್ನ ಸಲುವಾಗಿ ಬಂದೀನ್ರಿ. ನನಗ ನೀವು ಬೇಕು."

ಅವನು ಬಗ್ಗಿ, ಅವಳದನ್ನು ಬಿಟ್ಟು ಉಳಿದೆರಡು ಫೋಟೋಗಳನ್ನು ಎತ್ತಿ ನನ್ನ ಕೈಗೆ ಕೊಟ್ಟ.