ಅಂಗೈ ಮೇಲಿಟ್ಟ ಭಾಷೆ

ಮೊನ್ನೆ ಕುಮಟೆಯ ಮನೆಯಲ್ಲಿ ಒಣ ಸಿಗಡಿ ಹುರಿಯುತ್ತಿದ್ದೆ. ಆ ಘಾಟು ಮೂಗಿಗೆ ಹತ್ತಿದ್ದೇ ತಡ, ತವರೂರು ಮಂಕಿಯ ನಮ್ಮ ಪಕ್ಕದ ಮನೆಯ ಅಕ್ಕ ನೆನಪಾದಳು. ಬುಟ್ಟಿ ಹೊತ್ತು ಮೀನು ಮಾರುತ್ತಿದ್ದವಳು. ಗಂಡ ತೀರಿಹೋಗಿದ್ದ. ಇದ್ದವನು ಒಬ್ಬನೇ ಮಗ.

ಮಗ ಕಡಲಿಗೆ ಹೋಗುತ್ತೇನೆಂದಾಗ ಅವಳು ಒಪ್ಪಲಿಲ್ಲ. ದೋಣಿ ನಡೆಸುವ ತಾಂಡೇಲನೇ ಮನೆಗೆ ಬಂದ. ನಾನೂ ಅಮ್ಮನೂ ಅಲ್ಲೇ ಜಗಲಿಯಲ್ಲಿದ್ದೆವು.

“ಎಂತಕ್ಕೆ ಹೆದರೂದು ಅಕ್ಕ? ಗಾಳಿ ಎದ್ರೆ ದೋಣಿ ತಿರುಗಿಸ್ತೆ. ನಿನ್ನ ಮಗನ್ನ ಬಿಟ್ಟು ನಾ ದಡ ಹತ್ತೂದಿಲ್ಲ.”

ಹಾಗೆಂದು ಅವಳ ಅಂಗೈ ಮೇಲೆ ತನ್ನ ಅಂಗೈ ಇಟ್ಟು ಒತ್ತಿದ. ನಮ್ಮಲ್ಲಿ ಹಾಗೆ ಭಾಷೆ ಕೊಟ್ಟ ಮೇಲೆ ಮತ್ತೆ ಮಾತಿಲ್ಲ. ಅಕ್ಕ “ಆತು” ಎಂದಳು.

ಮಳೆಗಾಲ ಹತ್ತಿರವಾಗಿತ್ತು. ಒಂದು ಮಧ್ಯಾಹ್ನ ಗಾಳಿ ಎದ್ದಾಗ ಉಳಿದ ದೋಣಿಗಳೆಲ್ಲ ತಿರುಗಿದವು. ಬಂಗಡೆಯ ಹಿಂಡು ಕಂಡ ತಾಂಡೇಲ ಮಾತ್ರ ಇನ್ನೊಮ್ಮೆ ಬಲೆ ಹಾಕಿಸಿದನಂತೆ. ದೋಣಿ ಮಗುಚಿತು. ಉಳಿದವರು ಈಜಿ ಬಂದರು, ತಾಂಡೇಲನೂ ಬಂದ. ಅಕ್ಕನ ಮಗ ಹೆಣವಾಗಿ ಸಿಕ್ಕಿದ್ದು ಆಮೇಲೆ, ದೂರದ ಬೆಳಕೆ ಊರಿನ ದಂಡೆಯಲ್ಲಿ...

ಕೆಲವು ದಿನ ಕಳೆದ ಮೇಲೆ ತಾಂಡೇಲ ಬಂದು ಅಂಗಳದಲ್ಲಿ ನಿಂತ. “ದೇವರಾಣೆ, ನಾ ಹುಡುಕಿದೆ ಅಕ್ಕ” ಎಂದು ಕೈ ಚಾಚಿದ. ಅಕ್ಕ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

“ಒಂದ್ಸಲ ಕೊಟ್ಯಲ್ಲ. ಸಾಕು.”

ಆದರೆ ಹೊಟ್ಟೆಪಾಡು ಕೇಳಬೇಕಲ್ಲ. ಮತ್ತೆ ಅವನ ದೋಣಿಯ ಮೀನನ್ನೇ ಕೊಂಡು ಮಾರಬೇಕಾಯಿತು. ಅಳೆದಾದ ಮೇಲೆ ಅವನು ಒಂದು ಹಿಡಿ ಹೆಚ್ಚಿಗೆ ಅವಳ ಬುಟ್ಟಿಗೆ ಹಾಕುತ್ತಿದ್ದ. ಅವಳು ಅಷ್ಟನ್ನೂ ಆರಿಸಿ ಮರಳಿಗೆ ಹಾಕಿ ಎದ್ದುಬರುತ್ತಿದ್ದಳು. ತೆಗೆದುಕೊಂಡರೆ ಎಂತ ಆಗ್ತದೆ ಎಂದು ಅಮ್ಮ ಒಮ್ಮೆ ಕೇಳಿದ್ದಳು.

“ತಕಂಡ್ರೆ, ಅಲ್ಲಿಗೆ ಮುಗೀತು ಅಂತ ತಿಳ್ಕಳ್ತ ಅವ.”

ನನಗೆ ಮದುವೆಯಾಗಿ ಕುಮಟೆಗೆ ಹೊರಟ ದಿನ, ಆಗಾಗ ಬರುತ್ತೇನೆಂದು ಅವಳತ್ತ ಕೈ ನೀಡಿದೆ. ಅವಳು ಅದನ್ನು ಮೆಲ್ಲಗೆ ಕೆಳಗಿಳಿಸಿದಳು. “ಬಂದ್ರೆ ಬಾ. ಕೈ ಮಾತ್ರ ಕೊಡಬೇಡ.”

ಅಕ್ಕ ಹೋದದ್ದು ಹೋದ ವರ್ಷ. ಅಮ್ಮ ಫೋನಿನಲ್ಲಿ ಹೇಳಿದಳು, ಚಟ್ಟಕ್ಕೆ ಮೊದಲು ಹೆಗಲು ಕೊಟ್ಟವನು ಆ ತಾಂಡೇಲನೇ ಅಂತೆ. ಊರವರೆಲ್ಲ ಅವನದು ದೊಡ್ಡ ಮನಸ್ಸು ಅಂದರಂತೆ. ಈಗಲೂ ಅನ್ನುತ್ತಾರೆ. ಅಲ್ಲ ಅನ್ನಬೇಕಾದವಳು ಇಲ್ಲ.