ತಲೆಗೆ ತಾಗಿದರೆ ಫೌಲ್

ಇವತ್ತು ಮೆಣಸಿನಕಾಯಿ ಹುರಿದ ಘಾಟಿಗೆ ಕಣ್ಣು ಉರಿದು, ಬ್ಯಾಡಗಿ ಮಾರುಕಟ್ಟೆಯ ನಮ್ಮ ಫುಟ್‌ಬಾಲ್ ನೆನಪಾಯಿತು. ಮೆಣಸಿನಕಾಯಿ ಚೀಲಗಳೆಲ್ಲ ಲಾರಿ ಹತ್ತಿದ ಮೇಲೆ, ಖಾಲಿ ಅಂಗಳದಲ್ಲಿ ಹಮಾಲಿ ಹುಸೇನ್ ಚಾಚಾ ನಮಗೆ ಆಟ ಕಲಿಸುತ್ತಿದ್ದರು. ಚೆಂಡು ತಲೆಗೆ ತಾಗಿದರೆ ಫೌಲ್ ಎಂಬುದು ಅವರ ನಿಯಮ.

ಮೊದಲ ಸಲ ರಾಣೆಬೆನ್ನೂರಿಗೆ ಆಡಲು ಹೋದಾಗ, ಅಲ್ಲಿಯ ಹುಡುಗನೊಬ್ಬ ಆಳೆತ್ತರ ಜಿಗಿದು ಚೆಂಡನ್ನು ಹಣೆಯಿಂದಲೇ ಗೋಲಿಗೆ ಹೊಡೆದ. ಬಾಯಿಬಿಟ್ಟುಕೊಂಡು ನೋಡಿದೆವು. ಆಮೇಲೆ ಫೌಲ್ ಎಂದು ಕೂಗಿದೆವು.

"ಅದು ಖರೇನ ಗೋಲ್ ಐತಿ," ಎಂದರು ಚಾಚಾ ಮೆಲ್ಲಗೆ. "ನಮ್ಮ ಚೆಂಡಿನ ತುಂಬ ಖಾರದ ಧೂಳ. ನಿಮ್ಮ ಕಣ್ಣಾಗ ಬೀಳಬಾರ್ದಂತ ನಾನ ಹಂಗ ಹೇಳಿದ್ದೆ."

ಚಾಚಾರ ಕಣ್ಣುಗಳು ಯಾವಾಗಲೂ ಕೆಂಪಗಿರುತ್ತಿದ್ದವು. ಯಾಕೆಂದು ತಿಳಿದದ್ದು ಅಂದೇ.

ಈಗಲೂ ಟಿವಿಯಲ್ಲಿ ಯಾರಾದರೂ ತಲೆಯಿಂದ ಗೋಲು ಹೊಡೆದರೆ, ಫೌಲ್ ಎನ್ನಲು ನನ್ನ ಕೈ ಅರ್ಧ ಏಳುತ್ತದೆ.